ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್‌ಗೆ ಯಾವ ಸ್ಟ್ರೆಸ್ ಟೆಸ್ಟ್? ಸಾಫ್ಟ್‌ವೇರ್‌ಗಳ ಹೋಲಿಕೆ, ಪರೀಕ್ಷೆಯ ಪೂರ್ತಿ ಕ್ರಮ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರ್ ಅನ್ನು ತಯಾರಕರು ಇಟ್ಟದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಹಾಗೆ ಮಾಡಿದ ಕಂಪ್ಯೂಟರ್ ಕೈಕೊಡುವುದು ಮೂರು ರೀತಿಯಲ್ಲಿ. ಒಂದು, ಇಡೀ ಸಿಸ್ಟಂ ಹ್ಯಾಂಗ್ ಆಗುತ್ತದೆ ಅಥವಾ ನೀಲಿ ಪರದೆ ಬರುತ್ತದೆ. ಎರಡು, ಯಾವುದೋ ಒಂದು ಪ್ರೋಗ್ರಾಂ ಮಾತ್ರ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತದೆ. ಮೂರನೆಯದು ಇವೆರಡಕ್ಕಿಂತ ಕೆಟ್ಟದ್ದು. ಎಲ್ಲಾ ಸರಿಯಾಗಿ ಓಡುತ್ತಿರುವ ಹಾಗೆ ಕಾಣುತ್ತದೆ, ಆದರೆ ಒಳಗೆ ಲೆಕ್ಕ ತಪ್ಪುತ್ತಿರುತ್ತದೆ. ಇವತ್ತು ಮಾಡಿದ ಜಿಪ್ ಫೈಲ್ ಕೆಲವು ತಿಂಗಳ ನಂತರ ತೆರೆಯುವುದೇ ಇಲ್ಲ. ವಿಡಿಯೋ ಮಧ್ಯದಲ್ಲಿ ಒಂದು ಫ್ರೇಮ್ ಒಡೆದಿರುತ್ತದೆ. ಅಷ್ಟು ಹೊತ್ತಿಗೆ ಕಾರಣ ಪ್ರೊಸೆಸರ್ ಅಂತ ಯಾರಿಗೂ ಹೊಳೆಯುವುದಿಲ್ಲ.

ಹಾಗಾಗಿ ಸ್ಟ್ರೆಸ್ ಟೆಸ್ಟ್ (ಪ್ರೊಸೆಸರ್ ಮೇಲೆ ಜೋರಾಗಿ ಭಾರ ಹಾಕಿ ನೋಡುವ ಸಾಫ್ಟ್‌ವೇರ್) ಆರಿಸುವಾಗ "ಯಾವುದು ಅತಿ ಜಾಸ್ತಿ ಬಿಸಿ ಮಾಡುತ್ತದೆ?" ಅಂತ ಕೇಳಿದರೆ ಸಾಲದು. ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈ ಸಾಫ್ಟ್‌ವೇರ್ ತನ್ನ ಲೆಕ್ಕದ ಉತ್ತರ ಸರಿಯಾ ಅಂತ ತಾನೇ ನೋಡಿಕೊಳ್ಳುತ್ತದಾ? ಪ್ರೊಸೆಸರ್‌ನ ಯಾವ ಭಾಗವನ್ನು, ಯಾವ ವೇಗದಲ್ಲಿ ಪರೀಕ್ಷಿಸುತ್ತದೆ? ಈ ಎರಡಕ್ಕೂ ಒಳ್ಳೆಯ ಉತ್ತರ ಕೊಡುವ ಒಂದೇ ಸಾಫ್ಟ್‌ವೇರ್ ಇಲ್ಲ. ಅದಕ್ಕೇ ಮೂರ್ನಾಲ್ಕನ್ನು ಸರಿಯಾದ ಕ್ರಮದಲ್ಲಿ ಓಡಿಸಬೇಕಾಗುತ್ತದೆ.

ಹಂತ 1: ಮೊದಲು ಡೀಫಾಲ್ಟ್ ಸೆಟ್ಟಿಂಗ್‌ನಲ್ಲೇ ಪರೀಕ್ಷಿಸಿ

ಮುಖ್ಯವಾದ ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕ್‌ಗೆ ಹೋಗಲಿ. ಅಸ್ಥಿರ ಪ್ರೊಸೆಸರ್ ಡಿಸ್ಕ್‌ಗೆ ಬರೆಯುವ ಡೇಟಾವನ್ನೂ ಕೆಡಿಸಬಲ್ಲದು, ಆಪರೇಟಿಂಗ್ ಸಿಸ್ಟಂನ ಫೈಲ್‌ಗಳನ್ನೂ ಸೇರಿಸಿ. ಮದರ್‌ಬೋರ್ಡ್‌ನ ಸಿಮಾಸ್ ಕ್ಲಿಯರ್ (ಬಯೋಸ್, ಅಂದರೆ ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳನ್ನು ಡೀಫಾಲ್ಟ್‌ಗೆ ತರುವುದು) ಮಾಡುವುದು ಹೇಗೆ ಅಂತ ಮ್ಯಾನ್ಯುಯಲ್‌ನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಬೂಟ್ ಆಗದೇ ನಿಂತಾಗ ಹುಡುಕುತ್ತಾ ಕೂರುವುದು ಬೇಡ.

ಆಮೇಲೆ ಬಯೋಸ್ ಅಪ್‌ಡೇಟ್ ಮಾಡಿ, ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ರ್‍ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ (ರ್‍ಯಾಮ್ ಅನ್ನು ಜಾಸ್ತಿ ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್) ಕೂಡ ಆಫ್ ಇರಲಿ. ಈ ಸ್ಥಿತಿಯಲ್ಲಿ ಒಂದು ಸುತ್ತು ಪರೀಕ್ಷೆ (ಸಾಫ್ಟ್‌ವೇರ್‌ಗಳು ಮುಂದಿನ ಹಂತಗಳಲ್ಲಿವೆ) ಓಡಿಸಿ, ಉಷ್ಣಾಂಶ, ವೇಗ, ಸ್ಕೋರ್ ಮೂರನ್ನೂ ಬರೆದಿಡಿ.

ಓವರ್‌ಕ್ಲಾಕ್ ಮಾಡುವ ಮುಂಚೆ ಇಷ್ಟೆಲ್ಲಾ ಯಾಕೆ ಅಂತ ಅನ್ನಿಸಬಹುದು. ಆದರೆ ಡೀಫಾಲ್ಟ್‌ನಲ್ಲಿದ್ದರೆ ಪ್ರೊಸೆಸರ್ ಸ್ಥಿರವಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವಿಷಯ ನೆನಪಿದೆ ಅಲ್ವಾ? ಓವರ್‌ಕ್ಲಾಕ್ ಮಾಡದೇ ಇದ್ದವರ ಮಷೀನ್‌ಗಳೂ ಕ್ರ್ಯಾಶ್ ಆಗುತ್ತಿದ್ದವು. ಗೇಮ್ ತೆರೆದು ಶೇಡರ್ (ದೃಶ್ಯ ಬಿಡಿಸುವ ಸಣ್ಣ ಕೋಡ್) ಕಂಪೈಲ್ ಆಗುವಾಗ "ವಿಡಿಯೋ ಮೆಮೊರಿ ಸಾಲದು" ಅನ್ನುವ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನಪಟ್ಟರು. ನಿಜವಾದ ಕಾರಣ, ಜಾಸ್ತಿ ವೋಲ್ಟೇಜ್ ಮತ್ತು ಶಾಖದಿಂದ ಪ್ರೊಸೆಸರ್ ಒಳಗಿನ ಕ್ಲಾಕ್ ಸರ್ಕ್ಯೂಟ್ ಸವೆಯುತ್ತಿದ್ದದ್ದು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು, ಬಯೋಸ್ ಮೂಲಕ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ನಿಯಂತ್ರಣ ಕೋಡ್) ಅಪ್‌ಡೇಟ್‌ಗಳನ್ನು ಕೊಟ್ಟಿತು, ವಾರಂಟಿಯನ್ನೂ ವಿಸ್ತರಿಸಿತು. ಅಂಥ ಪ್ರೊಸೆಸರ್ ನಿಮ್ಮದಾಗಿದ್ದರೆ ಹೊಸ ಬಯೋಸ್ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ.

ಹಂತ 2: ಕಣ್ಣಿಡಲು ಎಚ್‌ಡಬ್ಲ್ಯೂಇನ್ಫೋ

ಇದು ಸ್ಟ್ರೆಸ್ ಟೆಸ್ಟ್ ಅಲ್ಲ, ಆದರೆ ಇದಿಲ್ಲದೆ ಉಳಿದವೆಲ್ಲಾ ಅರ್ಧ ಕುರುಡು. ಎಚ್‌ಡಬ್ಲ್ಯೂಇನ್ಫೋ ತೆರೆಯುವಾಗ ಸೆನ್ಸರ್ ಮಾತ್ರ ಅನ್ನುವ ಆಯ್ಕೆ ಟಿಕ್ ಮಾಡಿ. ಬರುವ ಉದ್ದದ ಪಟ್ಟಿಯಲ್ಲಿ ನೋಡಬೇಕಾದ್ದು ಕೆಲವೇ ಸಾಲು: ಪ್ರೊಸೆಸರ್‌ನ ಉಷ್ಣಾಂಶ, ಕೋರ್ ವೋಲ್ಟೇಜ್, ಪ್ಯಾಕೇಜ್ ಪವರ್ (ಪ್ರೊಸೆಸರ್ ಒಟ್ಟು ಎಳೆಯುವ ವಿದ್ಯುತ್), ಪ್ರತಿ ಕೋರ್‌ನ ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಓಡುತ್ತಿರುವ ವೇಗ), ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದ ವೇಗ ಇಳಿಯುವುದು) ಆಗಿದೆಯಾ ಇಲ್ಲವಾ ಅನ್ನುವುದು, ಮತ್ತು ಪಟ್ಟಿಯ ಕೊನೆಯಲ್ಲಿ ವಿಂಡೋಸ್‌ನ ಹಾರ್ಡ್‌ವೇರ್ ಎರರ್ ಲೆಕ್ಕ, ಅಂದರೆ ಡಬ್ಲ್ಯೂಎಚ್‌ಇಎ.

ಈ ಕೊನೆಯ ಸಾಲು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಪ್ರೊಸೆಸರ್ ಒಳಗೆ ಒಂದು ದೋಷ ಆಗಿ, ಹಾರ್ಡ್‌ವೇರೇ ಅದನ್ನು ಸರಿಪಡಿಸಿಕೊಂಡರೆ ಪರೀಕ್ಷೆ ನಿಲ್ಲುವುದಿಲ್ಲ, ಪರದೆಯ ಮೇಲೆ ಏನೂ ಕಾಣುವುದಿಲ್ಲ. ಆದರೆ ಇಲ್ಲಿ ಸೊನ್ನೆ ಹೋಗಿ 1 ಆಗಿರುತ್ತದೆ. ಎಂಟು ಗಂಟೆ ಟೆಸ್ಟ್ ಪಾಸಾಗಿ ಈ ಸಾಲಿನಲ್ಲಿ 3 ಅಂತ ಇದ್ದರೆ ನನ್ನ ಮಟ್ಟಿಗೆ ಅದು ಫೇಲ್.

ವೋಲ್ಟೇಜ್ ಸಾಲನ್ನೂ ಲೋಡ್ ಬಿದ್ದ ಮೇಲೆ ಓದಿ. ಬಯೋಸ್‌ನಲ್ಲಿ 1.30 ವೋಲ್ಟ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಎಲ್ಲಾ ಕೋರ್‌ಗಳ ಮೇಲೂ ಭಾರ ಬಿದ್ದಾಗ ಅದು 1.22ಕ್ಕೆ ಇಳಿಯಬಹುದು. ಇದನ್ನು ವಿಡ್ರೂಪ್ ಅನ್ನುತ್ತಾರೆ. ಪ್ರೊಸೆಸರ್ ನಿಜವಾಗಿ ಓಡುತ್ತಿರುವುದು ಆ 1.22ರಲ್ಲಿ. ಬಯೋಸ್‌ನ ಲೋಡ್ ಲೈನ್ ಕ್ಯಾಲಿಬ್ರೇಶನ್ ಸೆಟ್ಟಿಂಗ್ ಜಾಸ್ತಿ ಮಾಡಿದರೆ ಇಳಿತ ಕಡಿಮೆಯಾಗುತ್ತದೆ. ಆದರೆ ಲೋಡ್ ಇದ್ದಕ್ಕಿದ್ದಂತೆ ಹೋದಾಗ ವೋಲ್ಟೇಜ್ ಕ್ಷಣಕಾಲ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮು ಎಚ್‌ಡಬ್ಲ್ಯೂಇನ್ಫೋದಲ್ಲಿ ಕಾಣುವಷ್ಟು ನಿಧಾನದ್ದಲ್ಲ. ಹಾಗಾಗಿ ಆ ಸೆಟ್ಟಿಂಗ್ ಅನ್ನು ಕೊನೆಯ ಹಂತಕ್ಕೆ ಏರಿಸಬೇಡಿ, ಮಧ್ಯದಲ್ಲಿ ಎಲ್ಲೋ ಇರಲಿ.

ಉಷ್ಣಾಂಶದ ಮಿತಿ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಬೇರೆ. ಇಂಟೆಲ್‌ನ ಇತ್ತೀಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 100ರಿಂದ 105 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನವು 95 ಡಿಗ್ರಿವರೆಗೆ ಹೋಗುವಂತೆಯೇ ವಿನ್ಯಾಸಗೊಂಡಿವೆ. 7800ಎಕ್ಸ್3ಡಿಯಲ್ಲಿ ಅದು 89. ನಿಮ್ಮ ಮಾಡೆಲ್‌ನ ಮಿತಿಯನ್ನು ತಯಾರಕರ ಪುಟದಲ್ಲಿ ನೋಡಿಕೊಳ್ಳಿ. ಕೈಯಾರೆ ಓವರ್‌ಕ್ಲಾಕ್ ಮಾಡಿದ್ದರೆ, ಅತಿ ಭಾರದ ಟೆಸ್ಟ್‌ನಲ್ಲೂ ಆ ಮಿತಿಗಿಂತ ಹತ್ತು ಡಿಗ್ರಿ ಕೆಳಗೆ ಉಳಿಯುವುದು ನನಗೆ ಇಷ್ಟ.

ಹಂತ 3: ಬೇಗ ಸೋಸಲು ಸಿನಿಬೆಂಚ್

ಸಿನಿಬೆಂಚ್ ಮ್ಯಾಕ್ಸನ್ ಕಂಪನಿಯದ್ದು, ಉಚಿತ. ಒಂದು 3ಡಿ ದೃಶ್ಯವನ್ನು ಎಲ್ಲಾ ಕೋರ್ ಬಳಸಿ ರೆಂಡರ್ ಮಾಡುತ್ತದೆ. 2020ರಲ್ಲಿ ಬಂದ ಆರ್23 ಆವೃತ್ತಿಯಿಂದ ಹತ್ತು ನಿಮಿಷದ ಓಟ ಇದೆ, ಅದರಲ್ಲೇ ಮೂವತ್ತು ನಿಮಿಷದ ಸ್ಥಿರತೆ ಪರೀಕ್ಷೆಯೂ ಇದೆ.

ಸ್ಥಿರತೆಗೆ ಇದೊಂದನ್ನೇ ನಂಬುವುದು ತಪ್ಪು. ರೆಂಡರ್ ಆದ ಚಿತ್ರದಲ್ಲಿ ಲೆಕ್ಕ ಸರಿ ಇದೆಯಾ ಅಂತ ಇದು ನೋಡುವುದಿಲ್ಲ. ಕ್ರ್ಯಾಶ್ ಆದರೆ ಮಾತ್ರ ಗೊತ್ತಾಗುತ್ತದೆ. ಹಾಗಿದ್ದರೂ ಎರಡು ಕೆಲಸಕ್ಕೆ ನಾನು ಇದನ್ನು ಬಿಡುವುದಿಲ್ಲ. ಮೊದಲನೆಯದು ಸಮಯ ಉಳಿಸುವುದು. ಸಿನಿಬೆಂಚ್‌ನಲ್ಲೇ ಬೀಳುವ ಸೆಟ್ಟಿಂಗ್ ಅನ್ನು ಇನ್ನೂ ಭಾರದ ಟೆಸ್ಟ್‌ಗೆ ಒಯ್ಯುವ ಅಗತ್ಯವೇ ಇಲ್ಲ.

ಎರಡನೆಯದು ಸ್ಕೋರ್. ಇದು ರೈಜೆನ್ ಇರುವವರಿಗೆ ಬಹಳ ಮುಖ್ಯ. ವೋಲ್ಟೇಜ್ ಸಾಲದೇ ಹೋದಾಗ ಈ ಪ್ರೊಸೆಸರ್‌ಗಳು ಕ್ರ್ಯಾಶ್ ಆಗುವ ಬದಲು ಒಳಗೊಳಗೇ ಕ್ಲಾಕ್ ಅನ್ನು ಹಿಗ್ಗಿಸಿ ನಿಧಾನವಾಗಬಲ್ಲವು. ತೋರಿಸುವ ವೇಗ 4.8 ಗಿಗಾಹರ್ಟ್ಸ್, ಎಫೆಕ್ಟಿವ್ ಕ್ಲಾಕ್ ಸಾಲಿನಲ್ಲಿ 4.6 ಅಂತ ಇರುತ್ತದೆ. ಟೆಸ್ಟ್ ಪಾಸ್, ಆದರೆ ಸ್ಕೋರ್ ಡೀಫಾಲ್ಟ್‌ಗಿಂತ ಕಡಿಮೆ. ಬರೆದಿಟ್ಟ ಹಳೆಯ ಸ್ಕೋರ್ ಇದ್ದರೆ ಇದು ತಕ್ಷಣ ಗೊತ್ತಾಗುತ್ತದೆ.

ಹಂತ 4: ಪ್ರೈಮ್95, ಇನ್ನೂ ಬೇಕಾದ ಹಳೆಯ ಸಾಫ್ಟ್‌ವೇರ್

ಪ್ರೈಮ್95 ಹುಟ್ಟಿದ್ದು ಸ್ಟ್ರೆಸ್ ಟೆಸ್ಟ್‌ಗಾಗಿ ಅಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಜಿಂಪ್ಸ್ ಅನ್ನುವ ಯೋಜನೆ, ಜಗತ್ತಿನ ಸ್ವಯಂಸೇವಕರ ಕಂಪ್ಯೂಟರ್‌ಗಳಲ್ಲಿ ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತದೆ. ಲಕ್ಷಾಂತರ ಅಂಕಿಗಳ ಗುಣಾಕಾರದಲ್ಲಿ ಒಂದು ಬಿಟ್ ತಪ್ಪಿದರೂ ವಾರಗಳ ಕೆಲಸ ವ್ಯರ್ಥ. ಆದ್ದರಿಂದ ಲೆಕ್ಕ ತಪ್ಪಿತಾ ಅಂತ ನೋಡುವುದು ಇದರ ರಕ್ತದಲ್ಲೇ ಇದೆ.

ತೆರೆದಾಗ ಜಿಂಪ್ಸ್‌ಗೆ ಸೇರುತ್ತೀರಾ ಅಂತ ಕೇಳುತ್ತದೆ. ಬರೀ ಸ್ಟ್ರೆಸ್ ಟೆಸ್ಟಿಂಗ್ ಅನ್ನುವ ಬಟನ್ ಒತ್ತಿ. ಟಾರ್ಚರ್ ಟೆಸ್ಟ್ ಕಿಟಕಿಯಲ್ಲಿ ನಾಲ್ಕು ಸಿದ್ಧ ಆಯ್ಕೆಗಳಿವೆ. ಹೆಸರಿನಲ್ಲಿರುವ ಎಫ್‌ಎಫ್‌ಟಿ ಅಂದರೆ ದೊಡ್ಡ ಗುಣಾಕಾರಕ್ಕೆ ಬಳಸುವ ಲೆಕ್ಕದ ವಿಧಾನ. ಸ್ಮಾಲೆಸ್ಟ್ ಎಫ್‌ಎಫ್‌ಟಿ ಎಲ್1, ಎಲ್2 ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿ) ಒಳಗೇ ಸುತ್ತುತ್ತದೆ. ಸ್ಮಾಲ್ ಎಫ್‌ಎಫ್‌ಟಿ ಎಲ್3 ಅನ್ನೂ ಸೇರಿಸಿಕೊಂಡು ಅತಿ ಜಾಸ್ತಿ ವಿದ್ಯುತ್ ಎಳೆಯುತ್ತದೆ. ಲಾರ್ಜ್ ಎಫ್‌ಎಫ್‌ಟಿ ಮೆಮೊರಿ ಕಂಟ್ರೋಲರ್ ಮತ್ತು ರ್‍ಯಾಮ್ ಮೇಲೆ ಒತ್ತಡ ಹಾಕುತ್ತದೆ. ಬ್ಲೆಂಡ್ ಎಲ್ಲದರ ಮಿಶ್ರಣ.

ಕೆಳಗೆ ಎವಿಎಕ್ಸ್, ಎವಿಎಕ್ಸ್2, ಎವಿಎಕ್ಸ್-512 ಆಫ್ ಮಾಡುವ ಚೆಕ್‌ಬಾಕ್ಸ್‌ಗಳಿವೆ. ಇವನ್ನು ಮರೆತು ಸ್ಟಾರ್ಟ್ ಒತ್ತಿ, ಒಂದೇ ನಿಮಿಷದಲ್ಲಿ ಉಷ್ಣಾಂಶ ಮಿತಿ ತಲುಪಿದ್ದು ನೋಡಿ ಗಾಬರಿಯಾದವರು ಬಹಳ. ಎವಿಎಕ್ಸ್ ಒಂದೇ ಸೂಚನೆಯಲ್ಲಿ ಹಲವು ಸಂಖ್ಯೆಗಳ ಲೆಕ್ಕ ಮಾಡಿಸುತ್ತದೆ, ಹಾಗಾಗಿ ಎಳೆಯುವ ಕರೆಂಟ್ ಕೂಡ ಜಾಸ್ತಿ. ಪ್ರೈಮ್95ರ 28ನೇ ಆವೃತ್ತಿಯಲ್ಲಿ ಎವಿಎಕ್ಸ್2 ಬಳಕೆ ಬಂದಾಗ ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರ್‌ಗಳು ಎಷ್ಟು ಬಿಸಿಯಾದವು ಅಂದರೆ, ಎಷ್ಟೋ ಜನ ವರ್ಷಗಟ್ಟಲೆ 26.6 ಆವೃತ್ತಿಯನ್ನೇ ಹಿಡಿದುಕೊಂಡಿದ್ದರು. ಈಗ ಆ ಚೆಕ್‌ಬಾಕ್ಸ್‌ಗಳಿಂದಲೇ ಅದೇ ಕೆಲಸ ಆಗುತ್ತದೆ.

ಇದು ತೋರಿಸುವ ದೋಷದ ಸಾಲನ್ನು ಒಮ್ಮೆ ಹತ್ತಿರದಿಂದ ನೋಡೋಣ. ಒಂದು ವರ್ಕರ್ (ಒಂದೊಂದು ಕೋರ್ ಮೇಲೆ ಓಡುವ ಲೆಕ್ಕದ ಪಾಲು) ಕಿಟಕಿಯಲ್ಲಿ "ಫೇಟಲ್ ಎರರ್: ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4" ಅಂತ ಬರುತ್ತದೆ. ಆ ವರ್ಕರ್ ನಿಲ್ಲುತ್ತದೆ, ಉಳಿದವು ಓಡುತ್ತಲೇ ಇರುತ್ತವೆ. ಇದರ ಅರ್ಥ ಹೀಗೆ. ಪ್ರೈಮ್95 ಪೂರ್ಣಾಂಕಗಳ ಗುಣಾಕಾರವನ್ನು ದಶಮಾಂಶದ ಲೆಕ್ಕದ ಮೂಲಕ ಮಾಡುತ್ತದೆ. ಉತ್ತರ ಪೂರ್ಣಾಂಕಕ್ಕೆ ಬಹಳ ಹತ್ತಿರ ಬರಬೇಕು, ಆಗ ಅದನ್ನು ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸಬಹುದು. 7.02 ಬಂದರೆ ಅದು 7 ಅಂತ ಹೇಳಬಹುದು. 7.5 ಬಂದರೆ ಏಳೋ ಎಂಟೋ ಹೇಳಲು ಸಾಧ್ಯವೇ ಇಲ್ಲ. 0.5ರಷ್ಟು ವ್ಯತ್ಯಾಸ ಬಂತು ಅಂದರೆ ಆ ಕೋರ್ ಎಲ್ಲೋ ತಪ್ಪು ಲೆಕ್ಕ ಕೊಟ್ಟಿದೆ. ಸಿಸ್ಟಂ ಹ್ಯಾಂಗ್ ಆಗಲಿಲ್ಲ, ಮೌಸ್ ಓಡಾಡುತ್ತಿದೆ, ಆದರೂ ಪ್ರೊಸೆಸರ್ ಸುಳ್ಳು ಹೇಳಿದೆ. ಮೊದಲು ಹೇಳಿದ ಮೂರನೇ ರೀತಿಯ ದೋಷ ಇದೇ.

ಯಾವ ವರ್ಕರ್ ನಿಂತಿತು ಅನ್ನುವುದನ್ನು ಬರೆದುಕೊಳ್ಳಿ. ಪ್ರತಿ ಸಲವೂ ಅದೇ ಜಾಗದ ವರ್ಕರ್ ನಿಲ್ಲುತ್ತಿದ್ದರೆ ಆ ಕೋರ್ ದುರ್ಬಲ ಅಂತ ಅನುಮಾನಿಸಬಹುದು. ಇನ್ನೊಂದು ಮಾತು: ಕಿಟಕಿಯ ಮೂಲೆಯ ಕ್ರಾಸ್ ಒತ್ತಿದರೆ ಪ್ರೈಮ್95 ಮುಚ್ಚುವುದಿಲ್ಲ, ಕೆಳಗಿನ ಟ್ರೇಗೆ ಹೋಗಿ ಓಡುತ್ತಲೇ ಇರುತ್ತದೆ. ಮೆನುವಿನಿಂದ ಸ್ಟಾಪ್ ಮಾಡಿ, ಆಮೇಲೆ ಎಕ್ಸಿಟ್ ಮಾಡಿ.

ಈ ಸಾಫ್ಟ್‌ವೇರ್‌ನ ಬೆಲೆ ಗೊತ್ತಾಗಲು ಒಂದು ಘಟನೆ ಸಾಕು. 2016ರ ಆರಂಭದಲ್ಲಿ ಸ್ಕೈಲೇಕ್ ಪ್ರೊಸೆಸರ್‌ಗಳು, ಓವರ್‌ಕ್ಲಾಕ್ ಇಲ್ಲದೆಯೂ, ಪ್ರೈಮ್95ರ ಒಂದು ನಿರ್ದಿಷ್ಟ ಗಾತ್ರದ ಲೆಕ್ಕದಲ್ಲಿ ಹ್ಯಾಂಗ್ ಆಗುತ್ತವೆ ಅಂತ ಪತ್ತೆಯಾಯಿತು. ಇಂಟೆಲ್ ದೋಷವನ್ನು ಒಪ್ಪಿ ಬಯೋಸ್ ಅಪ್‌ಡೇಟ್ ಮೂಲಕ ಸರಿಪಡಿಸಿತು.

ಹಂತ 5: ಅತಿ ಭಾರದ ಟೆಸ್ಟ್ ಅತಿ ಕಠಿಣ ಟೆಸ್ಟ್ ಅಲ್ಲ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿಯನ್ನು ಎವಿಎಕ್ಸ್ ಆನ್ ಇಟ್ಟು ಓಡಿಸಿದಾಗ ಪವರ್ ಮಿತಿ ಅಥವಾ ಉಷ್ಣಾಂಶದ ಮಿತಿ ತಾಗುತ್ತದೆ. ಆಗ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ನೀವು 5.2 ಗಿಗಾಹರ್ಟ್ಸ್ ಓವರ್‌ಕ್ಲಾಕ್ ಪರೀಕ್ಷಿಸುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಅದು 4.7ರಲ್ಲಿ ಓಡುತ್ತಿರುತ್ತದೆ. ರಾತ್ರಿಯಿಡೀ ಓಡಿಸಿದರೂ 5.2ರ ಬಗ್ಗೆ ಏನೂ ಗೊತ್ತಾಗಿಲ್ಲ. ಬೆಳಿಗ್ಗೆ ಒಂದು ಹಗುರವಾದ ಗೇಮ್ ತೆರೆಯುತ್ತೀರಿ, ಪವರ್ ಮಿತಿ ತಾಗುವುದಿಲ್ಲ, ವೇಗ ನಿಜವಾಗಿ 5.2ಕ್ಕೆ ಏರುತ್ತದೆ, ಕ್ರ್ಯಾಶ್.

ಹಲವು ಇಂಟೆಲ್ ಬೋರ್ಡ್‌ಗಳಲ್ಲಿರುವ ಎವಿಎಕ್ಸ್ ಆಫ್‌ಸೆಟ್‌ನಿಂದಲೂ ಇದೇ ಆಗುತ್ತದೆ. ಎವಿಎಕ್ಸ್ ಲೋಡ್ ಬಂದಾಗ ಇಂತಿಷ್ಟು ಗುಣಕ (ಪ್ರೊಸೆಸರ್ ವೇಗ ನಿರ್ಧರಿಸುವ ಅಂಕಿ) ಇಳಿಸು ಅಂತ ಹೇಳಿದ್ದರೆ, ಎವಿಎಕ್ಸ್ ಟೆಸ್ಟ್ ಇಳಿದ ವೇಗವನ್ನು ಮಾತ್ರ ಪರೀಕ್ಷಿಸುತ್ತದೆ.

ಹಾಗಾಗಿ ಯಾವ ಟೆಸ್ಟ್ ಓಡಿಸಿದರೂ ಎಫೆಕ್ಟಿವ್ ಕ್ಲಾಕ್ ನೋಡಿ. ನೀವು ಪರೀಕ್ಷಿಸಬೇಕೆಂದ ವೇಗದಲ್ಲೇ ಓಡುತ್ತಿದ್ದರೆ ಮಾತ್ರ ಆ ಪಾಸ್‌ಗೆ ಬೆಲೆ. ನಾನು ಪ್ರೈಮ್95 ಅನ್ನು ಎರಡು ಸಲ ಓಡಿಸುತ್ತೇನೆ. ಎವಿಎಕ್ಸ್ ಪೂರ್ತಿ ಆಫ್ ಮಾಡಿ ಒಂದು ಗಂಟೆ, ಪೂರ್ಣ ವೇಗಕ್ಕಾಗಿ. ಆನ್ ಮಾಡಿ ಅರ್ಧ ಗಂಟೆ, ಕೂಲರ್ ಮತ್ತು ಮದರ್‌ಬೋರ್ಡ್‌ನ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಸರ್ಕ್ಯೂಟ್) ತಡೆದುಕೊಳ್ಳುತ್ತದಾ ಅಂತ ನೋಡಲು. ಎರಡನೆಯದನ್ನು ರಾತ್ರಿಯಿಡೀ ಓಡಿಸಿ ಪ್ರೊಸೆಸರ್ ಅನ್ನು ಸುಮ್ನೆ ಬೇಯಿಸುವುದರಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ.

ಲಿನ್‌ಪ್ಯಾಕ್ ಆಧಾರಿತವು

ಲಿನ್‌ಎಕ್ಸ್, ಇಂಟೆಲ್ ಬರ್ನ್ ಟೆಸ್ಟ್, ಲಿನ್‌ಪ್ಯಾಕ್ ಎಕ್ಸ್‌ಟ್ರೀಮ್ ಇವೆಲ್ಲಾ ಒಂದೇ ಕುಟುಂಬ. ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಗೆ ಬಳಸುವ ಲೆಕ್ಕವೇ ಇವುಗಳ ಒಳಗೂ ಇದೆ: ದೊಡ್ಡ ಸಮೀಕರಣಗಳ ಗುಂಪನ್ನು ಬಿಡಿಸುವುದು. ಪ್ರತಿ ಸುತ್ತಿನ ಕೊನೆಯಲ್ಲಿ ರೆಸಿಡ್ಯುಯಲ್ ಅನ್ನುವ ಒಂದು ಸಣ್ಣ ಸಂಖ್ಯೆ ತೋರಿಸುತ್ತವೆ. ಲೆಕ್ಕ ಒಂದೇ ಆದ್ದರಿಂದ ಪ್ರತಿ ಸುತ್ತಿನಲ್ಲೂ ಅದೇ ಸಂಖ್ಯೆ ಬರಬೇಕು. ಒಂದು ಸಾಲಿನಲ್ಲಿ ಬೇರೆ ಬಂದರೆ, ಪಾಸ್ ಅಂತ ಬರೆದಿದ್ದರೂ ನಂಬಬೇಡಿ. ಇವು ಬಹಳ ಬಿಸಿ ಮಾಡುತ್ತವೆ, ಹತ್ತಿಪ್ಪತ್ತು ಸುತ್ತು ಸಾಕು. ಪ್ರೈಮ್95 ಓಡಿಸಿದವರಿಗೆ ಇವು ಕಡ್ಡಾಯ ಅಲ್ಲ.

ಹಂತ 6: ವೈ-ಕ್ರಂಚರ್

ಅಲೆಕ್ಸಾಂಡರ್ ಯೀ ಬರೆದ ವೈ-ಕ್ರಂಚರ್ ಪೈ ಬೆಲೆಯನ್ನು ಲೆಕ್ಕ ಹಾಕುವ ಪ್ರೋಗ್ರಾಂ. 2022ರಲ್ಲಿ ಗೂಗಲ್ ಕ್ಲೌಡ್‌ನಲ್ಲಿ ಪೈಯ 100 ಲಕ್ಷ ಕೋಟಿ ಅಂಕಿಗಳ ದಾಖಲೆ ಆದದ್ದು ಇದರಿಂದಲೇ. ಪ್ರತಿ ತಲೆಮಾರಿನ ಪ್ರೊಸೆಸರ್‌ಗೂ ಹೊಂದುವಂತೆ ಬೇರೆ ಬೇರೆ ಕೋಡ್ ಇಟ್ಟುಕೊಂಡಿದೆ, ತೆರೆದಾಗ ನಿಮ್ಮದಕ್ಕೆ ಸರಿಯಾದದ್ದನ್ನು ತಾನೇ ಆರಿಸುತ್ತದೆ.

ನೋಡಲು ಬರೀ ಕಪ್ಪು ಕಿಟಕಿ, ಅಂಕಿ ಒತ್ತಿ ಮೆನು ಆರಿಸಬೇಕು. ಹೊಸಬರು ಅಲ್ಲೇ ಹಿಂಜರಿಯುತ್ತಾರೆ. ಕಾಂಪೊನೆಂಟ್ ಸ್ಟ್ರೆಸ್ ಟೆಸ್ಟರ್ ಅನ್ನುವ ಆಯ್ಕೆಗೆ ಹೋಗಿ ಶುರು ಮಾಡಿದರೆ ಉಳಿದದ್ದು ಸುಲಭ. ಬಿಕೆಟಿ, ಬಿಬಿಪಿ, ವಿಟಿ3 ಹೀಗೆ ಚಿಕ್ಕ ಚಿಕ್ಕ ಹೆಸರಿನ ಹಲವು ಟೆಸ್ಟ್‌ಗಳನ್ನು ಒಂದಾದ ಮೇಲೊಂದು ಓಡಿಸುತ್ತದೆ. ಕೆಲವು ಕೋರ್ ಒಳಗೇ ಉಳಿಯುತ್ತವೆ, ಕೆಲವು ಮೆಮೊರಿಯನ್ನು ಜಗ್ಗುತ್ತವೆ. ವಿಟಿ3 ಮೆಮೊರಿ ಕಂಟ್ರೋಲರ್‌ನ ದೋಷ ಹಿಡಿಯುವುದರಲ್ಲಿ ಹೆಸರುವಾಸಿ.

ನನಗೆ ಇದರಲ್ಲಿ ಇಷ್ಟವಾಗುವುದು ಲೋಡ್ ಬದಲಾಗುವ ರೀತಿ. ಒಂದು ಟೆಸ್ಟ್ ಮುಗಿದು ಇನ್ನೊಂದು ಶುರುವಾಗುವಾಗ ಪ್ರೊಸೆಸರ್ ಎಳೆಯುವ ಕರೆಂಟ್ ಗಕ್ಕನೆ ಇಳಿದು ಏರುತ್ತದೆ. ಸೆಕೆಂಡಿನ ಸಣ್ಣ ಭಾಗದಲ್ಲಿ ವೋಲ್ಟೇಜ್ ತತ್ತರಿಸುತ್ತದೆ. ಒಂದೇ ಸಮನೆ ಓಡುವ ಟೆಸ್ಟ್‌ನಲ್ಲಿ ಗಂಟೆಗಟ್ಟಲೆ ಗಟ್ಟಿಯಾಗಿ ನಿಂತ ಸೆಟ್ಟಿಂಗ್ ಇಂಥ ಕ್ಷಣದಲ್ಲಿ ಬೀಳಬಹುದು. ಎಲ್ಲಾ ಟೆಸ್ಟ್‌ಗಳೂ ಸೇರಿ ಎರಡು ಗಂಟೆ ಓಡಿಸಿ.

ಒಸಿಸಿಟಿ ಮತ್ತು ಐಡಾ64

ಎಲ್ಲಾ ಒಂದೇ ಕಡೆ ಬೇಕು, ಕಪ್ಪು ಕಿಟಕಿ ಬೇಡ ಅನ್ನುವವರಿಗೆ ಒಸಿಸಿಟಿ. ವೈಯಕ್ತಿಕ ಬಳಕೆಗೆ ಉಚಿತ ಆವೃತ್ತಿ ಇದೆ. ಪರೀಕ್ಷೆ, ಸೆನ್ಸರ್ ಗ್ರಾಫ್, ದೋಷದ ಲೆಕ್ಕ ಒಂದೇ ಪರದೆಯಲ್ಲಿ ಸಿಗುತ್ತವೆ. ಯಾವ ಕೋರ್‌ನಲ್ಲಿ ದೋಷ ಬಂತು ಅಂತ ನೇರವಾಗಿ ಹೇಳುತ್ತದೆ. ಹಾರ್ಡ್‌ವೇರ್ ಎರರ್‌ಗಳನ್ನೂ ಹಿಡಿಯುತ್ತದೆ. ಡೇಟಾದ ಗಾತ್ರ, ಸೂಚನೆಗಳ ಬಗೆ, ಲೋಡ್ ಸ್ಥಿರವಾಗಿರಬೇಕಾ ಬದಲಾಗುತ್ತಿರಬೇಕಾ ಅನ್ನುವುದನ್ನೆಲ್ಲಾ ಆರಿಸಬಹುದು. ಉಷ್ಣಾಂಶ ಇಷ್ಟು ದಾಟಿದರೆ ನಿಲ್ಲಿಸು ಅಂತಲೂ ಹೇಳಬಹುದು. ಮೊದಲ ಸಲ ಓವರ್‌ಕ್ಲಾಕ್ ಮಾಡುವವರಿಗೆ ಒಂದೇ ಹೆಸರು ಹೇಳಿ ಅಂದರೆ ನಾನು ಒಸಿಸಿಟಿ ಅನ್ನುತ್ತೇನೆ. ಸಣ್ಣ ಡೇಟಾ, ಎಕ್ಸ್‌ಟ್ರೀಮ್ ಮೋಡ್, ಬದಲಾಗುವ ಲೋಡ್, ಸೂಚನೆಗಳ ಬಗೆಯಲ್ಲಿ ಮೊದಲು ಎಸ್‌ಎಸ್‌ಇ (ಎವಿಎಕ್ಸ್‌ಗಿಂತ ಹಳೆಯ, ಹಗುರವಾದ ಸೂಚನೆಗಳು). ಅದು ಪಾಸಾದ ಮೇಲೆ ಎವಿಎಕ್ಸ್2.

ಐಡಾ64 ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್, ಮೂವತ್ತು ದಿನ ಪ್ರಯೋಗಕ್ಕೆ ಸಿಗುತ್ತದೆ. ಮಾಹಿತಿ ನೋಡಲು ಚೆನ್ನಾಗಿದೆ. ಸ್ಟ್ರೆಸ್ ಟೆಸ್ಟ್ ಆಗಿ ಮಾತ್ರ ಮೃದು. ಸಿಪಿಯು, ಎಫ್‌ಪಿಯು (ದಶಮಾಂಶದ ಲೆಕ್ಕ ಮಾಡುವ ಭಾಗ), ಕ್ಯಾಶ್, ಮೆಮೊರಿ ಎಲ್ಲಕ್ಕೂ ಟಿಕ್ ಹಾಕಿದರೆ ಜಾಸ್ತಿ ಒತ್ತಡ ಬೀಳುತ್ತದೆ ಅಂತ ಅನ್ನಿಸುತ್ತದೆ, ಆದರೆ ಕೆಲಸ ಹಂಚಿಹೋಗುವುದರಿಂದ ಬಿಸಿ ಕಡಿಮೆಯೇ. ಎಫ್‌ಪಿಯು ಒಂದಕ್ಕೇ ಟಿಕ್ ಹಾಕಿದಾಗ ಅದು ಗಂಭೀರವಾಗುತ್ತದೆ. ಇದಕ್ಕಾಗಿಯೇ ಕೊಳ್ಳುವ ಅಗತ್ಯ ಇಲ್ಲ.

ಲಿನಕ್ಸ್ ಬಳಸುವವರಿಗೆ ಪ್ರೈಮ್95ರ ಲಿನಕ್ಸ್ ರೂಪ ಎಂಪ್ರೈಮ್ ಇದೆ, ವೈ-ಕ್ರಂಚರ್ ಇದೆ, ಜೊತೆಗೆ ಸ್ಟ್ರೆಸ್-ಎನ್‌ಜಿ. ಕೊನೆಯದರಲ್ಲಿ ವೆರಿಫೈ ಆಯ್ಕೆ ಕೊಡದಿದ್ದರೆ ಅದು ಬಿಸಿ ಮಾಡುತ್ತದೆ, ಉತ್ತರ ನೋಡುವುದಿಲ್ಲ. ಮರೆಯಬೇಡಿ.

ಹಂತ 7: ಒಂದೊಂದೇ ಕೋರ್, ಕೋರ್‌ಸೈಕ್ಲರ್

ಇಲ್ಲಿಯವರೆಗೆ ಹೇಳಿದ ಟೆಸ್ಟ್‌ಗಳು ಸಾಮಾನ್ಯವಾಗಿ ಎಲ್ಲಾ ಕೋರ್‌ಗಳ ಮೇಲೆ ಒಟ್ಟಿಗೆ ಬೀಳುತ್ತವೆ. ಇವತ್ತಿನ ಪ್ರೊಸೆಸರ್‌ಗಳಲ್ಲಿ ಅತಿ ಹೆಚ್ಚಿನ ವೇಗ ಬರುವುದು ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ. ಎಲ್ಲವೂ ಸೇರಿದರೆ 4.6, ಒಂದೇ ಆದರೆ 5.0. ಆ 5.0ರ ತುದಿಯನ್ನು ಎಲ್ಲಾ ಕೋರ್‌ಗಳ ಟೆಸ್ಟ್ ಮುಟ್ಟುವುದೇ ಇಲ್ಲ.

ರೈಜೆನ್‌ನಲ್ಲಿ ಕರ್ವ್ ಆಪ್ಟಿಮೈಸರ್ ಬಳಸುವವರಿಗೆ ಇದು ಜೀವಾಳ. ಪ್ರತಿ ಕೋರ್‌ಗೂ ಬೇರೆ ಬೇರೆ ಮೈನಸ್ ಸಂಖ್ಯೆ ಕೊಟ್ಟು ವೋಲ್ಟೇಜ್ ಇಳಿಸುವ ಸೌಲಭ್ಯ ಅದು. ಒಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಎಲ್ಲಾ ಕೋರ್‌ಗೂ ಮೈನಸ್ 30 ಕೊಟ್ಟರೆ ಸಿನಿಬೆಂಚ್ ಚೆನ್ನಾಗಿ ಓಡಬಹುದು, ಪ್ರೈಮ್95 ಕೂಡ ಓಡಬಹುದು. ಆಮೇಲೆ ಸುಮ್ನೆ ಬ್ರೌಸರ್ ತೆರೆದಿಟ್ಟಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಭಾರದ ಕೆಲಸದಲ್ಲಿ ನಿಂತು, ಖಾಲಿ ಕೂತಾಗ ಬೀಳುವ ಈ ವಿಚಿತ್ರಕ್ಕೆ ಕಾರಣ, ಹಗುರ ಲೋಡ್‌ನಲ್ಲೇ ಒಂಟಿ ಕೋರ್ ತನ್ನ ತುದಿ ವೇಗಕ್ಕೆ ಜಿಗಿಯುವುದು.

ಕೋರ್‌ಸೈಕ್ಲರ್ ಒಂದು ಉಚಿತ ಪವರ್‌ಶೆಲ್ ಸ್ಕ್ರಿಪ್ಟ್. ಪ್ರೈಮ್95 ಅನ್ನು ಒಂದು ಕೋರ್‌ಗೆ ಕಟ್ಟಿ ಕೆಲವು ನಿಮಿಷ ಓಡಿಸಿ, ಮುಂದಿನ ಕೋರ್‌ಗೆ ಹೋಗುತ್ತದೆ. ಎವಿಎಕ್ಸ್ ಬದಲು ಎಸ್‌ಎಸ್‌ಇ ಬಳಸುವುದು ಇದರ ಡೀಫಾಲ್ಟ್, ಲೋಡ್ ಹಗುರವಾದಷ್ಟೂ ವೇಗ ಮೇಲೇರುತ್ತದೆ ಅನ್ನುವ ಕಾರಣಕ್ಕೆ. ಕಾನ್ಫಿಗ್ ಫೈಲ್‌ನಲ್ಲಿ ವೈ-ಕ್ರಂಚರ್‌ಗೆ ಬದಲಿಸಲೂಬಹುದು. ದೋಷ ಬಂದ ಕೋರ್‌ನ ಹೆಸರು ಹೇಳಿ ಮುಂದಕ್ಕೆ ಹೋಗುತ್ತದೆ. ಆ ಕೋರ್‌ನ ಮೈನಸ್ ಸಂಖ್ಯೆಯನ್ನು ಎರಡು ಮೂರು ಅಂಕಿ ಸೊನ್ನೆಯ ಕಡೆಗೆ ತಂದು ಮತ್ತೆ ಓಡಿಸಿ. ರಾತ್ರಿಯಿಡೀ ಓಡಿಸಲು ತಕ್ಕ ಟೆಸ್ಟ್ ಯಾವುದು ಅಂದರೆ ಇದೇ. ಬಿಸಿ ಕಡಿಮೆ, ಕರೆಂಟ್ ಕಡಿಮೆ, ಸಿಗುವ ಮಾಹಿತಿ ಜಾಸ್ತಿ. ಇಂಟೆಲ್‌ನಲ್ಲೂ ಇದು ಕೆಲಸಕ್ಕೆ ಬರುತ್ತದೆ.

ಹಂತ 8: ಈಗ ಮೆಮೊರಿ ಸೇರಿಸಿ

ಕೋರ್‌ಗಳು ಗಟ್ಟಿಯಾದ ಮೇಲೆ ಮಾತ್ರ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಮೊದಲೇ ಎರಡನ್ನೂ ಬದಲಿಸಿದರೆ ತಪ್ಪು ಯಾರದ್ದು ಅಂತ ಹೇಳಲಾಗದು. ಪ್ರೈಮ್95ರ ಲಾರ್ಜ್ ಎಫ್‌ಎಫ್‌ಟಿ, ವೈ-ಕ್ರಂಚರ್‌ನ ವಿಟಿ3, ಜೊತೆಗೆ ಮೆಮ್‌ಟೆಸ್ಟ್86 ಅಥವಾ ಟೆಸ್ಟ್‌ಮೆಮ್5 ಇಲ್ಲಿಗೆ ಸರಿ. ಮೆಮ್‌ಟೆಸ್ಟ್86 ಯುಎಸ್‌ಬಿಯಿಂದ ಬೂಟ್ ಆಗಿ ಓಡುತ್ತದೆ, ಹಾಗಾಗಿ ರ್‍ಯಾಮ್ ತೀರಾ ಕೆಟ್ಟಿದ್ದರೂ ವಿಂಡೋಸ್ ಫೈಲ್‌ಗಳಿಗೆ ಅಪಾಯ ಇಲ್ಲ. ಅದರಿಂದಲೇ ಶುರು ಮಾಡಿ.

ಹಂತ 9: ದೋಷವನ್ನು ಓದಿ, ಒಂದೇ ಸೆಟ್ಟಿಂಗ್ ಬದಲಿಸಿ

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ, ಸಿಸ್ಟಂ ಲಾಗ್ ಒಳಗೆ ಡಬ್ಲ್ಯೂಎಚ್‌ಇಎ ಲಾಗರ್ ಹುಡುಕಿ. ಈವೆಂಟ್ 19 ಅಂದರೆ ಹಾರ್ಡ್‌ವೇರ್ ತಾನೇ ಸರಿಪಡಿಸಿಕೊಂಡ ದೋಷ. 18 ಅಂದರೆ ಸರಿಪಡಿಸಲಾಗದ್ದು, ಸಾಮಾನ್ಯವಾಗಿ ರೀಸ್ಟಾರ್ಟ್ ಆದ ನಂತರ ಕಾಣುತ್ತದೆ. ವಿವರದಲ್ಲಿ ಎಪಿಐಸಿ ಐಡಿ ಅನ್ನುವ ಸಂಖ್ಯೆ ಇರುತ್ತದೆ. ಅದು ದೋಷ ಬಂದದ್ದು ಯಾವ ಥ್ರೆಡ್‌ನಲ್ಲಿ (ಕೋರ್ ಓಡಿಸುವ ಕೆಲಸದ ಸಾಲು) ಅನ್ನುವುದರ ಸುಳಿವು. ಒಂದು ಕೋರ್‌ಗೆ ಎರಡು ಥ್ರೆಡ್ ಇರುವ ಆರು ಅಥವಾ ಎಂಟು ಕೋರ್‌ಗಳ ರೈಜೆನ್‌ನಲ್ಲಿ ಸಾಮಾನ್ಯವಾಗಿ ಅದನ್ನು ಎರಡರಿಂದ ಭಾಗಿಸಿದರೆ ಕೋರ್ ಸಿಗುತ್ತದೆ. ಕೋರ್‌ಸೈಕ್ಲರ್ ಹೇಳಿದ ಹೆಸರಿನೊಂದಿಗೆ ಹೋಲಿಸಿ ಖಚಿತ ಮಾಡಿಕೊಳ್ಳಿ.

ದೋಷದ ರೀತಿಯಿಂದ ಎಲ್ಲಿ ಕೈ ಹಾಕಬೇಕು ಅಂತ ಊಹಿಸಬಹುದು:

- ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿಯಲ್ಲಿ ಕೆಲವೇ ನಿಮಿಷಕ್ಕೆ ವರ್ಕರ್ ನಿಂತರೆ: ಲೋಡ್‌ನಲ್ಲಿ ಕೋರ್ ವೋಲ್ಟೇಜ್ ಸಾಲುತ್ತಿಲ್ಲ. ವೇಗ ಒಂದು ಹಂತ ಇಳಿಸಿ, ಅಥವಾ ವೋಲ್ಟೇಜ್ 10ರಿಂದ 15 ಮಿಲಿವೋಲ್ಟ್ ಏರಿಸಿ.
- ಸ್ಮಾಲ್ ಪಾಸಾಗಿ ಲಾರ್ಜ್ ಅಥವಾ ವಿಟಿ3 ಬಿದ್ದರೆ: ರ್‍ಯಾಮ್ ಅಥವಾ ಮೆಮೊರಿ ಕಂಟ್ರೋಲರ್. ಕೋರ್ ವೋಲ್ಟೇಜ್ ಮುಟ್ಟಬೇಡಿ.
- ಖಾಲಿ ಕೂತಾಗ ರೀಸ್ಟಾರ್ಟ್: ಒಂಟಿ ಕೋರ್‌ನ ಬೂಸ್ಟ್ (ತುದಿ ವೇಗಕ್ಕೆ ಜಿಗಿತ). ಕರ್ವ್ ಆಪ್ಟಿಮೈಸರ್ ಸಡಿಲಿಸಿ.
- ರೈಜೆನ್‌ನಲ್ಲಿ ಈವೆಂಟ್ 19 ಸಾಲುಸಾಲಾಗಿ, ಅದರಲ್ಲೂ ಇಂಟರ್‌ಕನೆಕ್ಟ್ ಅಂತ ಬರೆದಿದ್ದರೆ: ಪ್ರೊಸೆಸರ್‌ನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್‌ನ ವೇಗ ಜಾಸ್ತಿಯಾಗಿರಬಹುದು.
- ನೀಲಿ ಪರದೆಯಲ್ಲಿ ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್: ಒಂದು ಕೋರ್ ಉತ್ತರ ಕೊಡುವುದನ್ನೇ ನಿಲ್ಲಿಸಿದೆ. ಓವರ್‌ಕ್ಲಾಕ್ ಮಾಡಿದ ಮಷೀನ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ವೋಲ್ಟೇಜ್ ಕೊರತೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬೇಜಾರಿನ ಕೆಲಸ ನಿಜ. ಆದರೆ ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಪಾಸಾದರೆ ಯಾವುದರಿಂದ ಪಾಸಾಯಿತು ಅಂತ ಗೊತ್ತಾಗದು. ಬೇಕಿಲ್ಲದ ವೋಲ್ಟೇಜ್ ಪ್ರೊಸೆಸರ್ ಮೇಲೆ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಹಂತ 10: ನಿಮ್ಮ ದಿನನಿತ್ಯದ ಕೆಲಸವನ್ನೇ ಟೆಸ್ಟ್ ಮಾಡಿ

ಎಲ್ಲಾ ಪಾಸಾದ ಮೇಲೆ ನೀವು ನಿಜವಾಗಿ ಮಾಡುವ ಕೆಲಸವನ್ನೇ ಜೋರಾಗಿ ಮಾಡಿ. ವಿಡಿಯೋ ಎನ್‌ಕೋಡ್ ಮಾಡುವವರು ಹ್ಯಾಂಡ್‌ಬ್ರೇಕ್‌ನಲ್ಲಿ ಉದ್ದದ ವಿಡಿಯೋ ಹಾಕಿ. ಪ್ರೋಗ್ರಾಮರ್‌ಗಳು ದೊಡ್ಡ ಕೋಡ್‌ಬೇಸ್ ಅನ್ನು ಮತ್ತೆ ಮತ್ತೆ ಕಂಪೈಲ್ ಮಾಡಿ. ಕಂಪೈಲರ್ ಒಂದೊಂದು ಸಲ ಒಂದೊಂದು ಕಡೆ ಕ್ರ್ಯಾಶ್ ಆದರೆ ಅದು ಕೋಡ್‌ನ ತಪ್ಪಲ್ಲ. ಗೇಮ್ ಆಡುವವರು ಶೇಡರ್ ಕ್ಯಾಶ್ ಅಳಿಸಿ ಮತ್ತೆ ಕಂಪೈಲ್ ಆಗಲು ಬಿಡಿ, ಅದು ಎಲ್ಲಾ ಕೋರ್‌ಗಳನ್ನೂ ಏರಿಳಿತದ ಲೋಡ್‌ನಲ್ಲಿ ಓಡಿಸುವ ಒಳ್ಳೆಯ ಟೆಸ್ಟ್. ಸ್ಲೀಪ್‌ಗೆ ಹಾಕಿ ಎಬ್ಬಿಸುವುದನ್ನೂ ಕೆಲವು ಸಲ ಮಾಡಿ ನೋಡಿ. ಪವರ್ ಪೂರ್ತಿ ಆಫ್ ಮಾಡಿ, ಮಷೀನ್ ತಣ್ಣಗಾದ ಮೇಲೆ ಬೂಟ್ ಮಾಡುವುದನ್ನೂ. ಮೆಮೊರಿ ಟ್ರೈನಿಂಗ್ (ಬೂಟ್ ಆಗುವಾಗ ರ್‍ಯಾಮ್ ಜೊತೆ ಮಾಡಿಕೊಳ್ಳುವ ಹೊಂದಾಣಿಕೆ) ಮತ್ತೆ ನಡೆಯುವುದರಿಂದ ನಿನ್ನೆ ಪಾಸಾದ ರ್‍ಯಾಮ್ ಇವತ್ತು ಬೀಳಬಹುದು.

ಬರೀ ಗೇಮ್ ಆಡುವ ಮಷೀನ್‌ಗೆ ಸಿನಿಬೆಂಚ್, ಒಸಿಸಿಟಿ ಒಂದು ಗಂಟೆ, ಕೋರ್‌ಸೈಕ್ಲರ್ ಒಂದು ರಾತ್ರಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆ ಮಷೀನ್‌ನಲ್ಲಿ ಫೋಟೋ, ಲೆಕ್ಕಪತ್ರ, ಬೇರೆಯವರ ಕೆಲಸ ಇದ್ದರೆ ಪ್ರೈಮ್95ರ ಎರಡು ಓಟ, ವೈ-ಕ್ರಂಚರ್, ಮೆಮೊರಿ ಟೆಸ್ಟ್ ಯಾವುದನ್ನೂ ಬಿಡಬೇಡಿ. ಪಾಸಾದ ಸೆಟ್ಟಿಂಗ್‌ಗಿಂತ ವೇಗವನ್ನು ಒಂದು ಹಂತ ಕೆಳಗೆ ಇಟ್ಟೇ ಬಳಸಿ. ಬೇಸಿಗೆಯಲ್ಲಿ ಕೋಣೆ ಬಿಸಿಯಾದಾಗ ಆ ಅಂತರ ಬೇಕಾಗುತ್ತದೆ.

ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಹಳೆಯ ಫಲಿತಾಂಶಗಳು ಲೆಕ್ಕಕ್ಕಿಲ್ಲ. ವೋಲ್ಟೇಜ್‌ನ ನಡವಳಿಕೆ, ಬೂಸ್ಟ್ ಮಿತಿ ಎರಡೂ ಬದಲಾಗಿರಬಹುದು. ಕೂಲರ್ ಅಥವಾ ಥರ್ಮಲ್ ಪೇಸ್ಟ್ ಬದಲಿಸಿದ್ದರೆ ಹಂತ 3 ಮತ್ತು 4 ಸಾಕು. ಬಯೋಸ್ ಬದಲಾಗಿದ್ದರೆ ಹಂತ 1ರಿಂದಲೇ ಶುರು ಮಾಡಿ.